ಕೋಡಿಗೆ ಅಡ್ಡ ಕಟ್ಟಿದ ಹಗ್ಗ

"ದಿಲೀಪ, ಮಿಷಿನ್ ನಿಲ್ಸು."

ಜೇಸಿಬಿಯ ಸದ್ದಿನಲ್ಲಿ ಪ್ರಮೀಳಾಳ ಮಾತು ಅವಳಿಗೇ ಕೇಳಿಸಲಿಲ್ಲ. ಕೈಯೆತ್ತಿ, ಬೀಗದ ಕೈ ತಿರುಗಿಸುವ ಹಾಗೆ ಸನ್ನೆ ಮಾಡಿದಳು. ದಿಲೀಪ್ ಮೊದಲು ಚಿಕ್ಕಮ್ಮನನ್ನು ನೋಡಿದ, ಆಮೇಲೆ ಕೆಳಗೆ ಛತ್ರಿ ಹಿಡಿದು ನಿಂತಿದ್ದ ತನ್ನ ಅಪ್ಪ ನಾಗರಾಜುವನ್ನು ನೋಡಿದ. ಯಾರ ಮಾತು ಕೇಳಬೇಕೋ ಗೊತ್ತಾಗದೆ, ಎಂಜಿನ್ ಆರಿಸದೆ, ಬಕೆಟ್ಟನ್ನು ಮಾತ್ರ ಗಾಳಿಯಲ್ಲೇ ನಿಲ್ಲಿಸಿಕೊಂಡ.

"ಯಾಕ್ಲಾ ನಿಲ್ಸ್ದೆ? ತಳ್ಳಲಾ!" ಎಂದು ನಾಗರಾಜು ಕೂಗಿದ.

ಎರಡು ದಿನ ಬಿಡದೆ ಹಿಡಿದ ಮಳೆಗೆ ಅರಳೀಕೆರೆ ಐದು ವರ್ಷದ ಮೇಲೆ ತುಂಬಿತ್ತು. ಏರಿಯ ತುದಿಯಲ್ಲಿ ಕಲ್ಲು ಕಟ್ಟಿದ ತಗ್ಗೇ ಕೋಡಿ. ತುಂಬಿ ಹೆಚ್ಚಾದ ನೀರು ಅಲ್ಲಿಂದ ಹೊರಬಿದ್ದು, ಹಳ್ಳ ಹಿಡಿದು, ಎರಡು ಮೈಲಿ ಕೆಳಗಿನ ಚೌಡನಕಟ್ಟೆಯ ಕೆರೆಗೆ ಸೇರಬೇಕು. ಇವತ್ತು ಬೀಳುತ್ತಿರಲಿಲ್ಲ. ಕೆರೆಯನ್ನೆಲ್ಲ ಹೊದ್ದಿದ್ದ ಅಂತರಗಂಗೆಯ ಕಳೆ ಗಾಳಿಗೆ ತೇಲಿ ಬಂದು ಕೋಡಿಯ ಬಾಯಿಗೆ ಒತ್ತರಿಸಿಕೊಂಡಿತ್ತು. ಬೇರಿಗೆ ಬೇರು ಹೆಣೆದುಕೊಂಡು ಮೊಣಕಾಲೆತ್ತರ ಪೇರಿಸಿಕೊಂಡ ಆ ಹಸಿರಿನ ಹಿಂದೆ ನೀರು ಏರುತ್ತಲೇ ಇತ್ತು. ಬೆಳಿಗ್ಗೆ ಆರಕ್ಕೇ, ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿ ಚಿಕ್ಕಮಾದಯ್ಯ ಫೋನು ಮಾಡಿದ್ದ. "ಕೋಡಿ ಬಾಯಿ ಕಟ್ಕಂಡದೆ ಕಣವ್ವ. ಇಂಗೇ ಬುಟ್ರೆ ಸಂಜೆಗೆಲ್ಲ ನೀರು ಏರಿ ಮೇಲೆ ಹತ್ಕತದೆ." ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಏನಾಗುತ್ತದೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಪ್ರಮೀಳಾ ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಎರಡು ಸಲ ನೋಡಿ, ಬಾಗಿಲ ಚಿಲಕ ಜಗ್ಗಿ ನೋಡಿ, ಓಡಿ ಬಂದಿದ್ದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡಿದ್ದಳು. ಅವಳ ಅಭ್ಯಾಸವೇ ಅದು. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಅವಳು ಮೂರು ವರ್ಷದಿಂದ ಈ ಕೆರೆಗಾಗಿ ಬರೆದ ಅರ್ಜಿಗಳಲ್ಲಿ ಒಂದು ಪದವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾಗಮಂಗಲದ ಆಫೀಸಿನಲ್ಲಿ ಅವಳ ಕೈಬರಹ ಕಂಡರೆ ಸಾಕು, "ಅರಳೀಕೆರೆ ಮೇಡಮ್ಮು ಬಂದ್ರು" ಎನ್ನುತ್ತಿದ್ದರು. ಕಕ್ಕಸಿನ ಗುಂಡಿಯ ಗಲೀಜು ತಂದು ಕೆರೆಗೆ ಸುರಿಯುತ್ತಿದ್ದ ಟ್ಯಾಂಕರನ್ನು ಒಬ್ಬಳೇ ಏರಿ ಮೇಲೆ ಅಡ್ಡ ನಿಂತು ವಾಪಸ್ಸು ಕಳಿಸಿದ್ದಳು. ಊರ ಚರಂಡಿಯ ನೀರು ನೇರ ಕೆರೆಗೆ ಬೀಳದ ಹಾಗೆ ಇಂಗುಗುಂಡಿ ತೋಡಿಸಿದ್ದಳು. ಕಳೆಯನ್ನು ಮಾತ್ರ ಅವಳಿಂದ ಗೆಲ್ಲಲಾಗಿರಲಿಲ್ಲ. ಭಾನುವಾರ ಹತ್ತು ಹೆಂಗಸರು ಸೇರಿ ಒಂದು ಮೂಲೆ ಕಿತ್ತರೆ, ಮುಂದಿನ ಭಾನುವಾರಕ್ಕೆ ಅದು ಎರಡು ಮೂಲೆ ತುಂಬಿರುತ್ತಿತ್ತು.

"ಬಾವ, ಬಾಯಿ ಬಿಡಿಸ್ಬೇಡಿ ಅಂತ ನಾನು ಹೇಳ್ತಿಲ್ಲ. ಬಿಡಿಸ್ಲೇಬೇಕು. ಕೆಳಕ್ಕೆ ತಳ್ಬೇಡಿ, ಎತ್ತಿ ದಡಕ್ಕೆ ಹಾಕಿ ಅಂತಿದೀನಿ."

"ಎತ್ತದ್ಕೆ ಸಂಜೆಗಂಟ ಬೇಕು. ತಳ್ಳದ್ಕೆ ಅರ್ಧ ಗಂಟೆ ಸಾಕು." ನಾಗರಾಜು ಛತ್ರಿಯನ್ನು ಕೆರೆಯತ್ತ ಚಾಚಿದ. "ಒಂದ್ಸಲ ಕೋಡಿ ಬಿತ್ತು ಅಂದ್ರೆ ನೀರೇ ಎಲ್ಲಾನೂ ಎಳ್ಕೊಂಡೋಯ್ತದೆ. ಮೂರು ವರ್ಸದಿಂದ ಬಡ್ಕತಿದ್ದೆಯಲ್ಲ ಕಳೆ ಕಳೆ ಅಂತ, ಒಂದೇ ದಿನದಲ್ಲಿ ನಿನ್ ಕೆರೆ ಕನ್ನಡಿಯಂಗಾಯ್ತದೆ. ಕುಸಿ ಪಡದ್ ಬುಟ್ಟು ಅಡ್ಡ ಬತ್ತೀಯಲ್ಲ!"

ಹಿಂದೆ ನಿಂತಿದ್ದವರು ನಕ್ಕರು. ಮಾತು ಸುಳ್ಳಾಗಿರಲಿಲ್ಲ. ಆ ಬಕೆಟ್ ಒಂದು ಸಲ ಮುಂದಕ್ಕೆ ತಳ್ಳಿದರೆ ಸಾಕು, ಅವಳು ಮೂರು ವರ್ಷ ಬೇಡಿಕೊಂಡದ್ದು ನೆರವೇರುತ್ತಿತ್ತು.

"ಅದು ಹೋಗಿ ಚೌಡನಕಟ್ಟೆ ಕೆರೇಲಿ ಕೂತ್ಕೊಳತ್ತೆ, ಬಾವ. ಆ ಕೆರೇಲಿ ಇನ್ನೂ ಒಂದು ಗಿಡ ಇಲ್ಲ. ನಾನು ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ. ದನ ಆ ನೀರು ಕುಡಿತವೆ. ಆ ಊರಿನ ಬೀರಮ್ಮನೋರ ಮನೇಲಿ ಕೆರೆ ಮೀನು ನಂಬ್ಕೊಂಡು ಆರು ಜನ ಅವ್ರೆ."

"ಚೌಡನಕಟ್ಟೆಯೋರು ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ತೆ? ಮೇಲ್ಗಡೆ ಹೊಸಕೆರೆಯೋರು ಈ ಕಳೇನ ಕಾಲುವೇಲಿ ನಮಗೆ ಬುಟ್ರು. ನಾವು ಕೆಳಗ್ಲೋರಿಗೆ ಬುಡ್ತೀವಿ. ಅವ್ರು ಬೇಕಾದ್ರೆ ಅವ್ರ ಕೆಳಗ್ಲೋರಿಗೆ ಬುಟ್ಕಳ್ಳಿ. ನೀರು ಹರ್ಯೋದೇ ಅಂಗೆ ಕಣವ್ವ. ನಾವೇನು ಹೊಸ್ದಾಗಿ ಮಾಡ್ತಾ ಇಲ್ಲ."

ಹೌದು ಹೌದು ಎಂದರು ನಾಲ್ಕು ಜನ. ಹೊಸಕೆರೆಯವರ ಮೇಲಿನ ಸಿಟ್ಟು ಊರಲ್ಲಿ ಹಳೆಯದಾಗಿತ್ತು. ಹೋದ ವರ್ಷ ದೇವಲಾಪುರದ ಸಂತೆಯಲ್ಲಿ ಇದೇ ಮಾತಿಗೆ ನಾಗರಾಜುವೂ ಆ ಊರಿನ ಒಬ್ಬನೂ ಅಂಗಿ ಹಿಡಿದಾಡಿದ್ದರು. ಅಂದಿನಿಂದ ಎರಡೂ ಊರಿನವರು ಒಬ್ಬರ ಮದುವೆಗೆ ಒಬ್ಬರು ಹೋಗುತ್ತಿರಲಿಲ್ಲ.

ಪ್ರಮೀಳಾ ದಾರಿಯಲ್ಲಿ ಜೋಡಿಸಿಕೊಂಡ ವಾಕ್ಯಗಳು ಮುಗಿದಿದ್ದವು. ಉಳಿದಿದ್ದು ಒಂದೇ ಮಾತು. ಅದನ್ನು ಅವಳು ಎಂದೂ ಜೋಡಿಸಿಕೊಂಡಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಸ್ವಸಹಾಯ ಸಂಘದ ಹೆಂಗಸರೆಲ್ಲ ಒಂದು ಮಿನಿ ಬಸ್ಸು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ದೇವರ ದರ್ಶನ ಮುಗಿಸಿ ಹೊಳೆಯ ದಡದಲ್ಲಿ ಕೂತು ಪುಳಿಯೋಗರೆ ತಿನ್ನುವಾಗ, ನಿಂತ ನೀರಿನಲ್ಲಿ ತೇಲುತ್ತಿದ್ದ ಒಂದು ಗಿಡ ಅವಳ ಕಣ್ಣಿಗೆ ಬಿತ್ತು. ನೇರಳೆ ಬಣ್ಣದ ಹೂವು, ನಡುವಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಚುಕ್ಕೆ. ಲೈಬ್ರರಿಯ ಮುಂದಿನ ಸಿಮೆಂಟು ತೊಟ್ಟಿಗೆ ಇದ್ದರೆ ಓದಲು ಬರುವ ಮಕ್ಕಳಿಗೆ ಚೆಂದ ಎಂದು, ಪ್ರಸಾದದ ಪ್ಲಾಸ್ಟಿಕ್ ಕವರಿನಲ್ಲಿ ನೀರು ಹಾಕಿ ತಂದಿದ್ದಳು. ಎರಡು ತಿಂಗಳಿಗೆ ತೊಟ್ಟಿ ತುಂಬಿತು. ಜೀವ ಇರುವ ಗಿಡವನ್ನು ತಿಪ್ಪೆಗೆ ಎಸೆಯಲು ಮನಸ್ಸು ಬರದೆ, ಹೆಚ್ಚಾದದ್ದನ್ನು ನೀಲಿ ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಕೆರೆಯ ಅಂಚಿಗೆ ಬಿಟ್ಟು ಬಂದಳು. ಮರುವರ್ಷ ಲೈಬ್ರರಿಗೆ ಬಂದ ಪೇಪರಿನಲ್ಲಿ ಅದೇ ಹೂವಿನ ಫೋಟೋ ಇತ್ತು. ಇದು ಕೆರೆಗಳನ್ನೇ ನುಂಗುವ ಕಳೆಯೆಂಬ ಕೆಳಗಿನ ಬರಹವನ್ನು ಓದಿ, ಪೇಪರನ್ನು ನಾಲ್ಕಾಗಿ ಮಡಿಸಿ, ಹಳೆಯ ಕಟ್ಟಿನ ಅಡಿಗೆ ಸೇರಿಸಿದ್ದಳು. ಅವಳ ಅರ್ಜಿಗಳಲ್ಲಿ ಕಳೆ ಎಲ್ಲಿಂದ ಬಂತೆಂಬ ಸಾಲು ಇರುತ್ತಲೇ ಇರಲಿಲ್ಲ.

ಹೇಳಿದರೆ ನಾಳೆಯಿಂದ ಅವಳ ಮಾತನ್ನು ಯಾರು ಕೇಳುತ್ತಾರೆ? ಟ್ಯಾಂಕರಿನವನು ಮತ್ತೆ ಬಂದರೆ ಯಾವ ಬಾಯಲ್ಲಿ ಅಡ್ಡ ನಿಲ್ಲುವುದು?

ದಿಲೀಪ್ ಬಕೆಟ್ ಇಳಿಸತೊಡಗಿದ.

"ಹೊಸಕೆರೆಯೋರು ಬಿಟ್ಟಿದ್ದಲ್ಲ ಬಾವ," ಎಂದಳು ಪ್ರಮೀಳಾ. "ನಾನು ತಂದಿದ್ದು."

ಈ ಸಲ ಕೂಗಲಿಲ್ಲ. ಆದರೂ ದಿಲೀಪ್ ಎಂಜಿನ್ ಆರಿಸಿಬಿಟ್ಟ. ಸದ್ದು ನಿಂತ ಮೇಲೆ ಕೆರೆಯ ತುಂಬ ಕಪ್ಪೆಗಳ ವಟವಟ ಕೇಳಿಸಿತು.

"ಶ್ರೀರಂಗಪಟ್ಟಣದಿಂದ ತಂದೆ. ಹೂವು ಚೆನ್ನಾಗಿತ್ತು, ತಂದೆ. ತೊಟ್ಟೀಲಿ ಹೆಚ್ಚಾದಾಗ ನಾನೇ ಕೆರೆಗೆ ಹಾಕ್ದೆ. ಏನಂತ ಗೊತ್ತಿರಲಿಲ್ಲ. ಗೊತ್ತಾದ್ಮೇಲೂ ಹೇಳ್ಲಿಲ್ಲ, ಅದು ನನ್ ತಪ್ಪು. ಹೊಸಕೆರೆಯೋರನ್ನ ನೀವೆಲ್ಲ ಬೈಯೋವಾಗ ಸುಮ್ನಿದ್ದೆ, ಅದೂ ನನ್ದೇ. ಮೇಲಿಂದ ಬಂದದ್ದನ್ನ ಕೆಳಕ್ಕೆ ಬಿಡ್ತೀವಿ ಅಂದ್ರಲ್ಲ. ಇದು ಮೇಲಿಂದ ಬಂದಿಲ್ಲ. ನಮ್ಮೂರಲ್ಲೇ ಹುಟ್ಟಿದ್ದು. ಇಲ್ಲೇ ಮುಗೀಬೇಕು."

ನಾಗರಾಜು ಛತ್ರಿ ಮಡಚಿದ, ಮತ್ತೆ ಬಿಚ್ಚಿದ.

"ನಾನು ಸಂತೇಲಿ ಅಂಗಿ ಅರಿಸ್ಕಂಡೆನಲ್ಲವ್ವ," ಎಂದ ಕೊನೆಗೆ.

"ಹೌದು ಬಾವ."

"ಹೊಸಾ ಅಂಗಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಏರಿಯ ಮೇಲಿಂದ ಹೆಂಗಸರ ಸಾಲು ಬಂತು. ಕೆರೆ ತುಂಬಿದ ದಿನ ಕೋಡಿಯಲ್ಲಿ ಗಂಗಮ್ಮನಿಗೆ ಬಾಗಿನ ಬಿಡುವುದು ಊರಿನ ವಾಡಿಕೆ. ಅರಿಶಿನ ಬಳಿದ ಮೊರದಲ್ಲಿ ಬಳೆ, ಕುಂಕುಮ, ಅಕ್ಕಿ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ನೀರಿಗೆ ಬಿಡುತ್ತಾರೆ. ಮುಂದೆ ಬಂದವಳು ಪ್ರಮೀಳಾಳ ಅತ್ತೆ ಬೆಟ್ಟಮ್ಮ. ಮಾತೆಲ್ಲ ಕಿವಿಗೆ ಬಿದ್ದಿತ್ತೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಮೂರು ವರ್ಸ ಒಂದೇ ಒಲೆ ಮುಂದೆ ಕುಂತಿದ್ದೀವಿ. ನನ್ ಕುಟ್ಟೂ ಏಳ್ನಿಲ್ವಲ್ಲೇ," ಎಂದಳು.

"ಹೇಳಕ್ಕಾಗ್ಲಿಲ್ಲ ಅತ್ತೆ."

"ಅದ್ಕೇಯ ನಿದ್ದೇಲಿ ಸೊಪ್ಪು ಸೊಪ್ಪು ಅಂತಿದ್ದೆ. ನಾನು ಸಾರಿಗೆ ಅನ್ಕಂಡೆ." ಬೆಟ್ಟಮ್ಮ ಬಾಗಿನದ ಮೊರವನ್ನು ಕಟ್ಟೆಯ ಮೇಲಿಟ್ಟು ದೊಡ್ಡ ಮಗನ ಕಡೆ ತಿರುಗಿದಳು. "ನಾಗ, ಈ ಬಾಗಿನ ನಾನು ಇಲ್ಲಿ ಬುಟ್ರೆ ಎಲ್ಲಿಗ್ಲಾ ಓಯ್ತದೆ?"

"ಇನ್ನೆಲ್ಲಿಗೆ, ಹಳ್ಳಕ್ಕೆ."

"ಹಳ್ಳದಿಂದ?"

ನಾಗರಾಜು ಹಳ್ಳದ ಕಡೆ ನೋಡಿದ.

"ಚೌಡನಕಟ್ಟೆ ಕೆರೆಗೆ. ಅಲ್ಲಿ ಹೆಣ್ಮಕ್ಳು ಮೊರ ಬತ್ತದೆ ಅಂತ ದಡದಲ್ಲಿ ಕಾಯ್ಕಂಡ್ ನಿಂತಿರ್ತಾರೆ. ಅರಳೀಕೆರೆ ತುಂಬ್ತು, ನಮ್ದೂ ತುಂಬ್ತದೆ ಅಂತ ಅವ್ರಿಗೆ ತಿಳಿಯಾದೇ ಆ ಮೊರ ನೋಡಿ. ಮುಂದೆ ಬಾಗಿನ, ಅದ್ರ ಹಿಂದೆ ಈ ಕಸ. ಎರಡ್ನೂ ಜೊತೇಲೇ ಕಳಿಸಾನಾ?" ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕೋಡಿ ಸುದ್ದ ಆಗಗಂಟ ನಾನು ಬಾಗಿನ ಬುಡಕಿಲ್ಲ. ಕುಂತಿರ್ತೀನಿ."

ಅವಳು ಕುಳಿತಳು. ಹೊಸ ಸೀರೆಯುಟ್ಟು ಬಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಮೊರ ಸಾಲಾಗಿ ಇಟ್ಟು ಕುಳಿತರು.

"ಏರಿ ಒಡ್ದೋದ್ರೆ ಏನ್ ಮಾಡೀಯವ್ವ?" ಎಂದ ನಾಗರಾಜು, ಸೋತ ದನಿಯಲ್ಲಿ.

ಜೇಸಿಬಿಯ ಪಕ್ಕ ನಿಂತಿದ್ದ ಚಿಕ್ಕಮಾದಯ್ಯ ಆಗ ಮುಂದೆ ಬಂದ. "ಏರಿಗೇನೂ ಆಗಕಿಲ್ಲ ಬುಡಿ. ತೂಬು ಎತ್ತಿ ಬತ್ತೀನಿ. ತೂಬು ನೀರ ತಳದಿಂದ ಎಳೀತದೆ, ಮೇಲೆ ತೇಲೋ ಸೊಪ್ಪು ಅದ್ರಲ್ಲಿ ಓಗಕಿಲ್ಲ. ಸಂಜೆಗಂಟ ನೀರು ಏರ್ದಂಗೆ ತಡೀತದೆ. ಗದ್ದೆ ಒಂದಿನ ಮುಳುಗಿದ್ರೆ ಪೈರೇನೂ ಸಾಯಕಿಲ್ಲ. ಅಷ್ಟ್ರಲ್ಲಿ ಹಗ್ಗ ಎಳ್ದ್‌ಬುಡಾನ."

ಹಗ್ಗದ ಯೋಚನೆ ಪ್ರಮೀಳಾಳದೇ. ಒಂದು ತಿಂಗಳ ಹಿಂದೆ, ಮಳೆ ಜೋರಾದೀತೆಂಬ ಆತಂಕದಲ್ಲಿ, ಕಾಗದದ ಮೇಲೆ ಗೆರೆ ಎಳೆದು ಚಿಕ್ಕಮಾದಯ್ಯನಿಗೆ ತೋರಿಸಿದ್ದಳು. ಕೋಡಿಯಿಂದ ಇಪ್ಪತ್ತು ಹೆಜ್ಜೆ ಒಳಗೆ, ಈ ದಡದ ಹುಣಸೆಮರದಿಂದ ಆ ದಡದ ಕಲ್ಲುಕಂಬಕ್ಕೆ ದಪ್ಪ ತೆಂಗಿನ ಹಗ್ಗ. ಹಗ್ಗದುದ್ದಕ್ಕೂ ತೇಲುವ ಬಿದಿರಿನ ಗಳ. ಗಳದ ಕೆಳಗೆ ನೀರು ಹೋಗುತ್ತದೆ, ಗಿಡ ಅಲ್ಲೇ ನಿಲ್ಲುತ್ತದೆ. ಏನಕ್ಕೂ ಇರಲಿ ಎಂದು ಹಗ್ಗವನ್ನೂ ಗಳವನ್ನೂ ಲೈಬ್ರರಿಯ ಹಿಂದೆ ತಂದಿರಿಸಿದ್ದಳು. ಅವಳ ಗಂಡ ಅದನ್ನು ನೋಡಿ, ಚಪ್ಪರ ಹಾಕಿ ಯಾರ ಮದುವೆ ಮಾಡುತ್ತೀ ಎಂದು ನಕ್ಕಿದ್ದ.

ಚಿಕ್ಕಮಾದಯ್ಯನ ಜೊತೆ ನಾಲ್ಕು ಜನ ನೀರಿಗಿಳಿದರು. ಹಗ್ಗ ಬಿಗಿಯುತ್ತಿದ್ದಂತೆ ದಿಲೀಪ್ ಅಪ್ಪನ ಅಪ್ಪಣೆಗೆ ಕಾಯದೆ ಮಿಷಿನ್ ಚಾಲೂ ಮಾಡಿದ. ಮೊದಲ ಬಕೆಟ್ಟು ಹಸಿರು ಮೇಲೆದ್ದಾಗ ಅದರ ಬೇರುಗಳಿಂದ ಕರಿಯ ನೀರು ಜಡೆಯ ಹಾಗೆ ಇಳಿಯಿತು.

"ದಡದ ಅಂಚಿಗೆ ಬೇಡ ದಿಲೀಪ, ಮಳೆ ಬಂದ್ರೆ ಮತ್ತೆ ನೀರಿಗೇ ಜಾರತ್ತೆ. ಆ ಎತ್ತರದ ಬೋರೆ ಮೇಲೆ ಹಾಕು," ಎಂದು ಪ್ರಮೀಳಾ ಕೂಗಿದಳು. ಬಕೆಟ್ಟಿನಿಂದ ಉದುರಿದ್ದನ್ನೆಲ್ಲ ಮಂಕರಿಗೆ ತುಂಬಿ ಹೊತ್ತಳು. ಎರಡನೆಯ ಮಂಕರಿಗೆ ಇನ್ನಿಬ್ಬರು ಹೆಂಗಸರು ಕೈ ಹಾಕಿದರು. ಒಬ್ಬಳು ಮುಖ ತಿರುಗಿಸಿಕೊಂಡೇ ತುಂಬಿದಳು. ಇನ್ನೊಬ್ಬಳು, "ಮೇಡಮ್ಮ, ಇನ್ ಮೇಲೆ ನಿಮ್ಮನ್ನ ಟ್ರಿಪ್ಪಿಗೆ ಕರ್ಕೊಂಡೋದ್ರೆ ಬ್ಯಾಗು ಚೆಕ್ ಮಾಡ್ಬೇಕು," ಎಂದಳು. ಪ್ರಮೀಳಾಗೆ ಕೋಪ ಬರಲಿಲ್ಲ. ಬಹಳ ದಿನಗಳ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಇಳಿದ ಹಾಗಿತ್ತು.

ಮಧ್ಯಾಹ್ನ ಒಂದು ಲೋಟ ಟೀ ಹಿಡಿದು ಹುಣಸೆಮರದ ಕೆಳಗೆ ನಿಂತಾಗ ಚಿಕ್ಕಮಾದಯ್ಯ ಪಕ್ಕಕ್ಕೆ ಬಂದ. ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ.

"ನಂಗೊತ್ತಿತ್ತು ಕಣವ್ವ. ನೀಲಿ ಬಕೀಟಲ್ಲಿ ತಂದು ಬುಟ್ಟದ್ದ ತೂಬಿನ ತಾವಿಂದ ನೋಡಿದ್ದೆ."

ಅವಳು ಲೋಟ ಕೆಳಗಿಟ್ಟಳು. "ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ ಮಾದಣ್ಣ?"

ಅವನು ಕತ್ತಿನ ಕೆಸರು ಒರೆಸಿಕೊಂಡ. "ಎಂಗೆ ಏಳಾನವ್ವ? ಹೂವ ಚೆಂದಾಗದೆ ಅಂತ ನಾನೂ ಎರಡ ತಕ್ಕಂಡೋಗಿ ನಮ್ಮನೆ ನೀರಿನ ಬಾನೀಗೆ ಹಾಕ್ಕಂಡಿದ್ದೆ."

"ಈಗ್ಲೂ ಇದೆಯಾ?"

"ಎಮ್ಮೆ ತಿಂದ್ಬುಡ್ತು."

ಇಬ್ಬರೂ ಒಟ್ಟಿಗೆ ನಕ್ಕರು.

ನಾಲ್ಕೂವರೆಯ ಹೊತ್ತಿಗೆ ಕೋಡಿಯ ಕಲ್ಲು ಕಾಣಿಸಿತು. ಹಗ್ಗದ ಆಚೆ ಕೆರೆಯಿನ್ನೂ ಹಸಿರಾಗಿಯೇ ಇತ್ತು. ಅದಕ್ಕೆ ಇನ್ನೆಷ್ಟು ಭಾನುವಾರಗಳು ಬೇಕೋ. ಹಗ್ಗದ ಈಚೆ ಮಾತ್ರ ಇಪ್ಪತ್ತು ಹೆಜ್ಜೆಯಗಲ ಬರಿ ನೀರು, ಅದರಲ್ಲಿ ತುಂಡು ಮೋಡ. ಬೋರೆಯ ಮೇಲೆ ಕಳೆ ಆಳೆತ್ತರ ಗುಡ್ಡೆಯಾಗಿತ್ತು. ಅದರ ಮೇಲೆ ಸಗಣಿ ಹಾಕಿ ಗೊಬ್ಬರ ಮಾಡಬಹುದೆಂದು ಯಾರೋ ಆಗಲೇ ಲೆಕ್ಕ ಹಾಕುತ್ತಿದ್ದರು. ನಾಳೆ ಬೆಳಿಗ್ಗೆ ಹೊಸಕೆರೆಗೆ ಹೋಗಿಬರಬೇಕು ಎಂದುಕೊಂಡಳು ಪ್ರಮೀಳಾ. ಅಲ್ಲಿ ಹೇಳಬೇಕಾದ್ದನ್ನು ದಾರಿಯಲ್ಲಿ ಜೋಡಿಸಿಕೊಳ್ಳುವ ಅಗತ್ಯ ಇರಲಿಲ್ಲ.

ನೀರು ಮೊದಲು ಕಲ್ಲಿನ ಸಂದಿಯಲ್ಲಿ ತೊಟ್ಟಿಕ್ಕಿ, ಆಮೇಲೆ ತೆಳ್ಳಗೆ ಹಾಸಿಕೊಂಡು ಕೋಡಿ ಬಿತ್ತು. ಬೆಟ್ಟಮ್ಮ ಎದ್ದು, ಮಂಡಿ ಹಿಡಿದುಕೊಂಡು, ಕಲ್ಲಿನ ತುದಿಗೆ ಬಂದಳು. ಸೊಸೆಯ ಕೆಸರು ಕೈಯನ್ನೇ ಎಳೆದು ಮೊರದ ಇನ್ನೊಂದು ಅಂಚಿಗೆ ಹಿಡಿಸಿದಳು. ಇಬ್ಬರೂ ಬಗ್ಗಿ ಬಾಗಿನ ಬಿಟ್ಟರು. ಮೊರ ಒಂದು ಸುತ್ತು ತಿರುಗಿ, ಕಲ್ಲಿಗೆ ತಾಗಿ, ಬಿಡಿಸಿಕೊಂಡು ಹಳ್ಳಕ್ಕಿಳಿಯಿತು. ಹಿಂದೆಯೇ ಉಳಿದ ಮೊರಗಳೂ ಹೊರಟವು.

ಕೊನೆಯ ಮೊರದ ಬೆನ್ನಿಗೆ ಹಗ್ಗದ ಅಡಿಯಿಂದ ಹೇಗೋ ನುಸುಳಿದ ಒಂದೇ ಒಂದು ಗಿಡ, ನೇರಳೆ ಹೂವು ಎತ್ತಿ ಹಿಡಿದು, ಮೆಲ್ಲಗೆ ಕೋಡಿಯ ಕಡೆ ತೇಲಿ ಬಂತು. ಪ್ರಮೀಳಾ ಎದ್ದು ನಿಲ್ಲುವಷ್ಟರಲ್ಲಿ ನಾಗರಾಜು ಛತ್ರಿಯನ್ನು ಕಟ್ಟೆಗೊರಗಿಸಿ, ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದಿದ್ದ. ಗಿಡವನ್ನು ಬೇರುಸಮೇತ ಹಿಡಿದು, ನೀರು ಜಾಡಿಸಿ, ಯಾರ ಮುಖವನ್ನೂ ನೋಡದೆ ಬೋರೆಯ ಕಡೆ ನಡೆದ.