ಚಿಕ್ಕಮ್ಮನ ಮಾತ್ರೆ

ತಿಂಗಳ ಹೊಟ್ಟೆನೋವು ಬಂದರೆ ಮಗಳು ಈಗ ನನ್ನನ್ನು ಕರೆಯುವುದಿಲ್ಲ, ಚಿಕ್ಕಮ್ಮನಿಗೆ ಫೋನ್ ಮಾಡುತ್ತಾಳೆ. ಪಕ್ಕದ ಬೀದಿಯ ನನ್ನ ತಂಗಿ ಐಬುಪ್ರೊಫೆನ್ ಹಿಡಿದು ಓಡಿಬರುತ್ತಾಳೆ. ನಾನು ಪ್ಯಾರಾಸಿಟಮಾಲ್ ಕೊಟ್ಟು, ಪುಸ್ತಕದ ಬೈಂಡಿಂಗ್ ಕೆಲಸದ ಗೋಂದು ಮೆತ್ತಿದ ಕೈಯಲ್ಲೇ ಸೊಂಟ ಒತ್ತಿದ್ದೆಲ್ಲ ಲೆಕ್ಕಕ್ಕೇ ಇಲ್ಲ.

"ಅದು ಕಿಡ್ನಿ ತಿನ್ನೋ ಮಾತ್ರೆ ಕಣೇ," ಅಂದೆ ಇವತ್ತು.

"ಯಾರಂದ್ರು?"

"ಎಲ್ಲರೂ ಅಂತಾರೆ."

"ಆ ಎಲ್ಲರಲ್ಲಿ ಒಬ್ಬರ ಹೆಸರು ಹೇಳು ನೋಡೋಣ," ತಂಗಿ ನಕ್ಕಳು. ಮಗಳ ತಲೆ ಅವಳ ತೊಡೆಯ ಮೇಲಿತ್ತು. "ಹಿತ್ತಲ ಗಿಡ ಮದ್ದಲ್ಲ ಅಕ್ಕ, ಬೇಜಾರ್ ಮಾಡ್ಕೋಬೇಡ."

ಆ ನೋವಿನಲ್ಲೂ ಮಗಳು ಕಿಸಕ್ಕೆಂದಳು.

"ಕೇಳ್ಕೊಂಡೇ ಬರ್ತೀನಿ. ಅಲ್ಲಿವರೆಗೂ ಏನೂ ನುಂಗಬೇಡ," ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಔಷಧಿ ಅಂಗಡಿಯಾಕೆ ಒಂದೊಂದಾಗಿ ಕೇಳಿದರು. ಹುಡುಗಿಗೆ ಅಲ್ಸರ್ ಇದೆಯಾ? ಉಬ್ಬಸ? ಕಿಡ್ನಿ ತೊಂದರೆ? ಇಲ್ಲ, ಇಲ್ಲ ಎನ್ನುತ್ತಾ ಹೋದೆ. ಪ್ರತಿ 'ಇಲ್ಲ'ಕ್ಕೂ ತಂಗಿ ಗೆಲ್ಲುತ್ತಿದ್ದಳು.

"ಹಾಗಿದ್ರೆ ಕೊಡಬಹುದು. ಈ ನೋವಿಗೆ ಅದೇ ವಾಸಿ. ಒಂದೆರಡು ದಿನ ಅಷ್ಟೇ, ಮಾತ್ರೆ ಸ್ಟ್ರಿಪ್ ಮೇಲೆ ಬರೆದಿರೋ ಪ್ರಮಾಣ ಮೀರಬಾರದು. ಖಾಲಿ ಹೊಟ್ಟೇಲಿ ಬೇಡ. ಬೇರೇನಾದ್ರೂ ತಗೊಂಡಿದ್ದಾಳಾ?"

"ಬೆಳಿಗ್ಗೆ ನೆಗಡಿ ಮಾತ್ರೆ ಕೊಟ್ಟೆ. ಹೊಟ್ಟೆನೋವೂ ಅಂದಳು, ಜೊತೆಗೊಂದು ಪ್ಯಾರಾಸಿಟಮಾಲ್."

ಯಾವ ನೆಗಡಿ ಮಾತ್ರೆ ಅಂತ ಕೇಳಿ, ಅದನ್ನೇ ತೆಗೆದು ತೋರಿಸಿದರು. "ನೋಡಿ, ಇದರೊಳಗೂ ಪ್ಯಾರಾಸಿಟಮಾಲೇ ಇದೆಯಲ್ಲಮ್ಮ! ಇವತ್ತೊಂದಿನಕ್ಕೆ ಹೆದರಬೇಡಿ. ದಿನಾ ಹೀಗೆ ಎರಡೆರಡು ಕೊಟ್ಟರೆ ಲಿವರ್ ಗತಿ ಏನು?"

ದಾರಿಯುದ್ದಕ್ಕೂ ಒಂದು ಸುಳ್ಳು ಹೊಂದಿಸುತ್ತ ಬಂದೆ. ಬಾಗಿಲು ತೆಗೆದರೆ ಮಗಳು ಹಲ್ಲು ಕಚ್ಚಿಕೊಂಡು ಮುದುಡಿದ್ದಳು. ಮಾತ್ರೆ ಪಕ್ಕದಲ್ಲೇ ಇತ್ತು, ಮುಟ್ಟಿರಲಿಲ್ಲ. ನಾನು ಬರಲಿ ಅಂತ ಕಾದಿದ್ದಳು.

"ಚಿಕ್ಕಮ್ಮಂದೇ ಸರಿಯಂತೆ," ಅಂದೆ. "ತಪ್ಪಾಗಿದ್ದು ನಂದು." ನೆಗಡಿ ಮಾತ್ರೆಯ ಸಂಗತಿ ಹೇಳಿದೆ, ಹೊಟ್ಟೆಗೇನಾದರೂ ಹಾಕಿಯೇ ನುಂಗಬೇಕು ಅಂತಲೂ ಹೇಳಿದೆ.

ತಂಗಿ ಹಿಗ್ಗಲಿಲ್ಲ. ಹಿಗ್ಗಿದ್ದರೆ ಜಗಳವಾದರೂ ಆಡಬಹುದಿತ್ತು. "ಅಯ್ಯೋ ಅಕ್ಕ, ನಾನು ಇಷ್ಟು ದಿನ ಖಾಲಿ ಹೊಟ್ಟೇಲೇ ಕೊಡ್ತಿದ್ದೆ," ಅಂದಳು.

ಆ ಮಾತಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತೆಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಹಾಲಿಗೆ ಬ್ರೆಡ್ ಅದ್ದಿಕೊಂಡು ಬಂದೆ. "ಎದ್ದು ನೀರು ತಗೊಂಬಾ, ಹೋಗು," ಎಂದು ತಂಗಿಯನ್ನು ಎಬ್ಬಿಸಿದೆ. ಅವಳು ಎದ್ದ ಜಾಗದ ಬಿಸಿ ಆರುವ ಮೊದಲೇ ಕೂತೆ. ಮಗಳು ತುತ್ತು ನುಂಗಿ ನನ್ನ ತೊಡೆಗೆ ತಲೆಯಿಟ್ಟಳು.

ತಂಗಿ ಲೋಟ ಹಿಡಿದು ಬಂದು ಎದುರಿಗೇ ನಿಂತಳು. ನಾನು ಜಾಗ ಬಿಡಲಿಲ್ಲ.