ಎಲ್ಲರ ಬಿಪಿ ನೋಡುವ ನೀಲಾ

ಕುಮಟಾದ ಒಂದು ಆಸ್ಪತ್ರೆಯಲ್ಲಿ ನೀಲಾ ಹತ್ತೊಂಬತ್ತು ವರ್ಷಗಳಿಂದ ನರ್ಸ್. ಮನೆ ಹತ್ತಿರದ ಬಾಡ ಎಂಬ ಹಳ್ಳಿಯಲ್ಲಿ. ಊರಿನವರಿಗೆ ತಲೆ ತಿರುಗಿದರೂ ನೀಲಕ್ಕ ಬೇಕು, ಕಾಲು ಊದಿದರೂ ನೀಲಕ್ಕ ಬೇಕು. ತನಗೆ ನಲವತ್ನಾಲ್ಕು ತುಂಬಿದ್ದಾಗಲಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದಾಗಲಿ ಅವಳು ಮನಸ್ಸಿಗೇ ತಂದುಕೊಂಡಿರಲಿಲ್ಲ.

ಒಂದು ದಿನ ಸತತ ಐದನೆಯ ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸು ಹತ್ತಿದಳು. ಕಿಟಕಿಯಿಂದ ಉಪ್ಪುಗಾಳಿ ಬಂತು. ಕಣ್ಣು ತಾನಾಗಿ ಮುಚ್ಚಿತು. ಗದ್ದೆ, ತೆಂಗು, ಎಳೆ ಬಿಸಿಲು ಎಲ್ಲ ಕರಗಿ ಉದ್ದನೆಯ ವಾರ್ಡ್ ಆಯಿತು. ಮಂಚಗಳ ನಡುವೆ ಮೊಣಕಾಲುದ್ದ ಸಮುದ್ರದ ನೀರು. ಅವಳು ನೀರಿನಲ್ಲೇ ನಡೆಯುತ್ತ ಒಬ್ಬೊಬ್ಬರ ತೋಳಿಗೂ ಬಿಪಿ ಪಟ್ಟಿ ಸುತ್ತುತ್ತಿದ್ದಳು. ಕೊನೆಯ ಮಂಚದ ಚೀಟಿಯಲ್ಲಿ ಅವಳದೇ ಹೆಸರಿತ್ತು. ಹಾಸಿಗೆ ಖಾಲಿ.

“ಸಿಸ್ಟರೇ, ಇದು ಕೊನೇ ಸ್ಟಾಪು,” ಎಂದು ಕಂಡಕ್ಟರ್ ಎಬ್ಬಿಸಿದ.

ಮನೆಯ ನಿಲ್ದಾಣ ದಾಟಿಹೋಗಿತ್ತು. ಹಿಂದಕ್ಕೆ ನಡೆಯುತ್ತ ಬಂದವಳಿಗೆ ಸಣ್ಣ ಏರಿನಲ್ಲಿ ಉಸಿರು ಸಿಕ್ಕಿಕೊಂಡಂತಾಯಿತು. ಅಂಗನವಾಡಿಯ ಜಗಲಿಯಲ್ಲಿ ಕುಳಿತುಬಿಟ್ಟಳು. ಅಲ್ಲಿ ಮೂವತ್ತು ದಾಟಿದವರ ತಪಾಸಣೆ ನಡೆದಿತ್ತು. ಆಶಾ ಕಾರ್ಯಕರ್ತೆ ಉಮಾ ಎದ್ದು ಬಂದಳು.

“ನೀಲಕ್ಕ, ಎಂತ ಆತು?”

“ಎಂತ ಇಲ್ವೇ. ನಿದ್ದೆ ಇಲ್ಲ, ಅಷ್ಟೇ. ಸ್ವಲ್ಪ ಕೂತ್ರೆ ಆತು.”

“ಕೂತ್ಕಂಡೇ ಕೈ ಕೊಡಿ, ಬಿಪಿ ನೋಡ್ತೆ.”

“ನಂಗಾ? ದಿನಾ ಐವತ್ತು ಜನರದ್ದು ನೋಡೋಳು ನಾನು.”

“ಅದ್ಕೇ ಕೇಳ್ದೆ. ನಿಮ್ದು ಕಡೇಗೆ ನೋಡಿದ್ದು ಯಾವಾಗ?”

ನೀಲಾ ಯೋಚಿಸಿದಳು. ಮಗಳು ಸುಪ್ರಿಯಾ ಹೊಟ್ಟೆಯಲ್ಲಿದ್ದಾಗ. ಸುಪ್ರಿಯಾಗೆ ಈಗ ಹದಿನಾರು.

ಯಂತ್ರ ನೂರ ಎಪ್ಪತ್ತು, ನೂರ ನಾಲ್ಕು ಎಂದು ತೋರಿಸಿತು. ಕಾಲು ಗಂಟೆ ಬಿಟ್ಟು ನೋಡಿದರೂ ಹೆಚ್ಚು ಇಳಿದಿರಲಿಲ್ಲ. ಉಮಾ ಸೊಂಟದ ಸುತ್ತಳತೆ, ತೂಕ ತೆಗೆದು ಚೀಟಿಯಲ್ಲಿ ಬರೆದುಕೊಂಡಳು.

“ಪಾಳಿ ಇದ್ದಾಗ ಎಂತ ತಿಂತ್ರಿ?”

“ಚಾ, ಬಿಸ್ಕೀಟು. ಮನೇಗೆ ಬಂದು ಗಂಜಿ, ಒಣಮೀನು, ಉಪ್ಪಿನಕಾಯಿ.”

“ಮನೇಲಿ ಹಾರ್ಟಿನ ತೊಂದ್ರೆ ಯಾರಿಗಾದ್ರೂ?”

“ಅಪ್ಪ ಅದ್ರಲ್ಲೇ ಹೋದ್ರು. ಐವತ್ತೊಂದಕ್ಕೆ.”

“ನಿದ್ದೆಗೇಡು, ಉಪ್ಪು, ಮೈತೂಕ, ಅಪ್ಪನ ಕಾಯಿಲೆ. ಬೇರೆಯವ್ರು ಈ ಚೀಟಿ ತಂದ್ರೆ ನೀವು ಎಂತ ಹೇಳ್ತಿದ್ರಿ ಅಕ್ಕ?”

ನೀಲಾ ತೋಳಿನ ಪಟ್ಟಿ ಬಿಚ್ಚಿದಳು. “ಇವತ್ತೇ ಡಾಕ್ಟರ ಹತ್ರ ಹೋಗಿ ಅಂತಿದ್ದೆ,” ಎಂದಳು ಮೆಲ್ಲಗೆ.

ಮನೆಯಲ್ಲಿ ಗಂಡ ದೇವು ನಂಬಲಿಲ್ಲ. “ನರ್ಸಿಗೇ ಬಿಪಿಯಾ? ನಾಲ್ಕು ದಿನ ರಜೆ ಹಾಕು, ಸರಿಯಾಗ್ತದೆ.”

“ಅಪ್ಪಂಗೂ ಎಲ್ಲರೂ ಹಂಗೇ ಹೇಳಿದ್ರು,” ಎಂದಳು ನೀಲಾ.

ದೇವು ಅವಳ ಮುಖ ನೋಡಿದ. ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಬೈಕು ತೆಗೆದ.

ಡಾಕ್ಟರು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೃದಯಕ್ಕೆ ಪೆಟ್ಟು ಬಿದ್ದಿರಲಿಲ್ಲ. ರಕ್ತದೊತ್ತಡ ಮಾತ್ರ ಏರಿತ್ತು, ಸಕ್ಕರೆ ಗಡಿಯಲ್ಲಿತ್ತು. “ಹೊತ್ತಿಗೆ ಸರಿಯಾಗಿ ಬಂದ್ರಿ,” ಎಂದು ಮಾತ್ರೆ ಬರೆದುಕೊಟ್ಟರು.

ಮರುವಾರ ನೀಲಾ ಮೇಲ್ವಿಚಾರಕಿಯ ಮುಂದೆ ನಿಂತು, ಸತತ ಎರಡಕ್ಕಿಂತ ಹೆಚ್ಚು ರಾತ್ರಿ ಪಾಳಿ ಯಾರಿಗೂ ಬೇಡ, ನರ್ಸ್‌ಗಳ ಬಿಪಿಯನ್ನೂ ನೋಡಬೇಕು ಎಂದು ಕೇಳಿಕೊಂಡಳು. ಅವರು ಒಪ್ಪಿದರು. ತಮ್ಮ ತೋಳನ್ನೂ ಚಾಚಿದರು. ಅಂದು ಹನ್ನೊಂದು ನರ್ಸ್‌ಗಳ ತಪಾಸಣೆಯಾಯಿತು. ಮೂವರಿಗೆ ಬಿಪಿ ಹೆಚ್ಚಿತ್ತು, ಮೂವರಿಗೂ ಅದು ಗೊತ್ತೇ ಇರಲಿಲ್ಲ.

ಈಗ ಸಂಜೆ ಗಂಡ ಹೆಂಡತಿ ಕಡಲ ದಡದಲ್ಲಿ ನಡೆಯುತ್ತಾರೆ. ಸಾರಿಗೆ ಉಪ್ಪು ಸಾಲದು ಎಂದು ದೇವು ಗೊಣಗುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ. ಒದ್ದೆ ಮರಳಿನ ಮೇಲೆ ಆಕಾಶವೇ ಇಳಿದು ಮಲಗಿದಂತಿರುತ್ತದೆ. ಅದರ ಮೇಲೆ ನೀಲಾ ಏದುಸಿರು ಬಿಡದೆ ಬಹುದೂರ ಹೋಗುತ್ತಾಳೆ.

ನರ್ಸ್ ಅಕ್ಕ ತಂಗಿಯರೇ, ಅಣ್ಣಂದಿರೇ, ನೀವು ತೊಟ್ಟ ಬಿಳಿ ಸಮವಸ್ತ್ರ ಹೃದಯವನ್ನು ಕಾಯುವುದಿಲ್ಲ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ, ರಕ್ತದಲ್ಲಿನ ಸಕ್ಕರೆ, ಕೊಬ್ಬು ನೋಡಿಸಿಕೊಳ್ಳಿ. ಪಾಳಿ ಮುಗಿದ ಮೇಲಿನ ನಿದ್ದೆಯನ್ನು ಬಿಟ್ಟುಕೊಡಬೇಡಿ. ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ಕಾರಣವಿಲ್ಲದ ಏದುಸಿರು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ನರ್ಸ್ ಇದ್ದರೆ ಇವತ್ತೇ ಕೇಳಿ: ನಿನ್ನ ಬಿಪಿ ಯಾರು ನೋಡಿದರು?