ಏಳನೇ ಸುರಂಗದ ಕಂಬ

ಸಿನಿಮಾ ಶುರುವಾದ ಹತ್ತೇ ನಿಮಿಷಕ್ಕೆ ಗಣಿಯ ಯಜಮಾನ ಗುಂಡೇಟು ತಿಂದು ಬೀಳುತ್ತಾನೆ. ಕೊಂದವರು ಯಾರು ಅನ್ನೋದು ಕೊನೆಯವರೆಗೆ ಗುಟ್ಟು. ನನಗೆ ಅದನ್ನು ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಅವನು ಬಿದ್ದದ್ದು ನಮ್ಮೂರ ಗಣಿಯ ಏಳನೇ ಸುರಂಗದಲ್ಲಿ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಏಳು ಎದ್ದು ಕಾಣುತ್ತಿತ್ತು. ಅದರ ಪಕ್ಕ ಚಾವಣಿಗೆ ಕೊಟ್ಟಿರಬೇಕಾದ ಆಸರೆ ಕಂಬ ಅಲ್ಲಿರಲಿಲ್ಲ. ಪೇಟೆಯ ಟಾಕೀಸಿಗೆ ಇಷ್ಟು ವರ್ಷಕ್ಕೆ ಬಂದ ಆ ಹಳೇ ಸಿನಿಮಾದ ಶನಿವಾರದ ಆಟದಲ್ಲಿ ಅದನ್ನು ಕಂಡವಳೇ ಎದ್ದು ಮನೆಗೆ ಓಡಿದೆ. ಪೂರ್ತಿ ನೋಡುವ ತಾಳ್ಮೆ ನನಗೆಲ್ಲಿ?

ನಲವತ್ತು ವರ್ಷದ ಹಿಂದೆ ಆ ಸಿನಿಮಾದವರು ಕುದುರೆ, ಪಿಸ್ತೂಲು, ಅಗಲ ಟೋಪಿಗಳ ಸಮೇತ ಬಂದು ಒಂದು ತಿಂಗಳು ನಮ್ಮೂರಲ್ಲಿ ಝಂಡಾ ಊರಿದ್ದರು. ಗುಂಪಿನಲ್ಲಿ ನಿಲ್ಲಲು ಗಣಿಯ ಕೆಲಸಗಾರರನ್ನೇ ಕರೆದರು. ಟೋಪಿ ಅವರದು, ಬಟ್ಟೆ ಇವರದೇ. ನನ್ನ ಸೋದರಮಾವನೂ ಹೋದ. ಕೊನೆಯ ಶೂಟಿಂಗ್ ನಡೆದದ್ದು ಭಾನುವಾರ. ಸೋಮವಾರ ಬೆಳಿಗ್ಗೆ ಏಳನೇ ಸುರಂಗದ ಚಾವಣಿ ಕುಸಿದು ಮಾವ ಸತ್ತ.

ಅಲ್ಲಿ ಕಂಬ ನಿಲ್ಲಿಸುವ ಕೆಲಸ ಅಪ್ಪನದು. ನಿಲ್ಲಿಸಿದ ಪ್ರತಿ ಕಂಬಕ್ಕೂ ಮೂರು ಗೆರೆ ಎಳೆದು ಸುತ್ತ ಒಂದು ವೃತ್ತ ಬರೆಯುತ್ತಿದ್ದರು. ಕಲ್ಲಿನ ರಾಶಿಯಡಿ ಆ ಗುರುತಿನ ಕಂಬ ಸಿಕ್ಕಿದ್ದೇ ತಡ, 'ಕಂಬ ಸರಿಯಾಗಿ ಕೂರಿಸಿರಲಿಲ್ಲ, ಜಾರಿದೆ' ಎಂದು ವಿಚಾರಣೆಯವರು ಬರೆದು ಕೈತೊಳೆದುಕೊಂಡರು. 'ಭಾನುವಾರ ನನಗೆ ರಜ. ಕ್ಯಾಮೆರಾಕ್ಕೆ ಅಡ್ಡ ಅಂತ ಕಂಬ ತೆಗೆದು ಪಕ್ಕಕ್ಕೆ ಮಲಗಿಸಿದ್ದಾರೆ, ವಾಪಸ್ ನಿಲ್ಲಿಸಿಲ್ಲ' ಎಂದು ಅಪ್ಪ ಬಡಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಕೂಡ.

ಅಮ್ಮ ಗಂಡನನ್ನು ಬಿಡಲಿಲ್ಲ, ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆದು ಮಡಿಸುತ್ತಿದ್ದಳು. ಏನಾದರೂ ಹೇಳುವುದಿದ್ದರೆ ನನ್ನ ಕಡೆ ತಿರುಗಿ 'ನಿಮ್ಮಪ್ಪನಿಗೆ ಹೇಳು' ಅನ್ನುವಳು. ಎದುರಿಗೇ ಕೂತವರ ನಡುವೆ ನಾನು ಟಪಾಲು! ಅಪ್ಪ ಸಾಯುವವರೆಗೆ, ಅಂದರೆ ಮೂವತ್ತೈದು ವರ್ಷ, ಹೀಗೇ ನಡೆಯಿತು. ಅಮ್ಮನ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಆದ್ದರಿಂದ ಭಾನುವಾರ ಮಧ್ಯಾಹ್ನದ ಆಟಕ್ಕೆ ಅವಳನ್ನು ಎಳಕೊಂಡೇ ಹೋದೆ. ಬಸ್ಸಿನಲ್ಲಿ ಕೂರಲಾಗದೆ ನಿಂತೆ, ನಿಲ್ಲಲಾಗದೆ ಕೂತೆ.

"ಅಂಗಾಲು ಸುಟ್ಟ ಬೆಕ್ಕಿನ ಥರ ಆಡ್ಬೇಡ. ಅಷ್ಟಕ್ಕೂ ಏನಿದೆ ಆ ಸಿನಿಮಾದಲ್ಲಿ?" ಅಂದಳು ಅಮ್ಮ.

"ನೋಡಿದ್ರೆ ಗೊತ್ತಾಗುತ್ತೆ, ಬಾ."

ದೀಪ ಆರಿತು. ಯಜಮಾನ ಬಿದ್ದ. ನಾನು ಅಮ್ಮನ ಮೊಣಕೈ ಹಿಡಿದು, "ಏಳನೇ ಸುರಂಗ. ನೋಡು, ಕಂಬ ಎಲ್ಲಿದೆ? ಅಪ್ಪ ಹೇಳಿದ್ದು ನಿಜ ತಾನೇ?" ಅಂದೆ.

ಅವಳಿಗೆ ಅದು ಕೇಳಿಸಲೇ ಇಲ್ಲ. ಹೆಣದ ಬಳಿಗೆ ಲಾಟೀನು ಹಿಡಿದು ಒಬ್ಬ ಬಂದಿದ್ದ. ಇಪ್ಪತ್ತೆರಡರ ಹುಡುಗ, ಮೈಮೇಲೆ ಕಪ್ಪು ಸ್ವೆಟರು, ಬಲತೋಳಿಗೆ ಮಾತ್ರ ಬಿಳಿ ಪಟ್ಟಿ.

"ನನ್ನ ತಮ್ಮ ಕಣೇ," ಅಂದಳು ಅಮ್ಮ. ಅವಳ ದನಿ ಅಷ್ಟು ಚಿಕ್ಕದಾದದ್ದನ್ನು ನಾನು ಕೇಳಿರಲಿಲ್ಲ.

ಆಮೇಲಿನ ಒಂದೂವರೆ ಗಂಟೆ ಕೊಲೆಗಾರನನ್ನು ಹುಡುಕುತ್ತ ಶೆರೀಫ, ಅಂದರೆ ಆ ಸಿನಿಮಾದ ಪೊಲೀಸು, ಅವರಿವರನ್ನು ಗದರಿಸುತ್ತ ಓಡಾಡಿದ. ನಾನು ಸೀಟಿನಲ್ಲೇ ಮಿಸುಕಾಡಿದೆ. ಕೊನೆಗೆ ಅವನು ಎಲ್ಲರನ್ನೂ ಅದೇ ಏಳನೇ ಸುರಂಗಕ್ಕೆ ಕರೆತಂದು ನಿಲ್ಲಿಸಿದ. ಗೋಡೆಯ ಏಳರ ಪಕ್ಕ ಕಂಬ ನಿಂತಿತ್ತು. ಮೂರು ಗೆರೆ, ವೃತ್ತ, ಅಪ್ಪನ ಕೈಯದೇ.

"ವಾಪಸ್ ನಿಲ್ಲಿಸಿದಾರಲ್ಲೇ," ಅಂದಳು ಅಮ್ಮ. "ತೆಗೆದಿದ್ರು, ಆಮೇಲೆ ನಿಲ್ಲಿಸಿದಾರೆ. ಬಿದ್ದಿದ್ದು ಇದೇ ಕಂಬ. ಇದನ್ನ ತೋರ್ಸೋಕೆ ಕರ್ಕೊಂಡು ಬಂದ್ಯಾ?"

ಅರ್ಧ ನೋಡಿ ಓಡಿದ ನನ್ನ ಅವಸರಕ್ಕೆ ಬೆಂಕಿ ಹಾಕ! ಅಪ್ಪನನ್ನು ಉಳಿಸಲು ಬಂದವಳು ಇನ್ನೊಂದು ಸಲ ಮುಳುಗಿಸಿದ್ದೆ. ಎದ್ದು ಹೋಗೋಣವೆಂದು ಕೈ ಹಿಡಿದರೆ ಅಮ್ಮ ಏಳಲಿಲ್ಲ. ಗುಂಪಿನ ತುದಿಯಲ್ಲಿ ನಿಂತ ಮಾವನನ್ನೇ ನೋಡುತ್ತಿದ್ದಳು.

"ಸ್ವೆಟರ್ ಎಲ್ಲಿ?" ಅಂದಳು.

ಮಾವ ಬರೀ ಅಂಗಿಯಲ್ಲಿದ್ದ.

"ಸ್ವೆಟರ್ ವಿಷಯ ಈಗ ಯಾಕಮ್ಮಾ?"

"ಸುಮ್ನಿರು. ಉಲ್ಲನ್ ಸಾಲ್ದೆ ಬಲತೋಳಿಗೆ ಬಿಳೀದು ಸೇರಿಸಿದ್ದೆ. ಹೆಣೆದು ಮುಗ್ಸಿದ್ದೇ ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ಕೊಟ್ಟೆ, ಶೂಟಿಂಗ್‌ಗೆ ಹಾಕ್ಕೊಂಡು ಹೋದ. ಈಗ ಮೈಮೇಲಿರೋ ಅಂಗಿ ಅವತ್ತು ಒಗೆದು ಮನೇಲಿ ಒಣಹಾಕಿತ್ತು. ಸೋಮವಾರ ಅದ್ರಲ್ಲೇ ಅವನ್ನ ಹೊತ್ಕೊಂಡು ಬಂದ್ರು." ಅವಳು ಉಸಿರು ಎಳೆದುಕೊಂಡಳು. "ಹಾಗಾದ್ರೆ ಆ ಕೊಲೆ ಸೀನು ಶೂಟ್ ಮಾಡಿದ್ದು ಭಾನುವಾರ. ಈ ಕೊನೇ ಸೀನು ಅದಕ್ಕಿಂತ ಮುಂಚೆ ಯಾವಾಗ್ಲೋ ಶೂಟ್ ಮಾಡಿದಾರೆ. ಕಥೇಲಿ ಹಿಂದುಮುಂದು ಮಾಡಿದಾರೆ ಅಷ್ಟೇ. ಕೊನೇ ದಿನ ಅಲ್ಲಿ ಕಂಬ ಇರ್ಲಿಲ್ಲ ಕಣೇ."

ಪರದೆಯ ಮೇಲೆ ಕೊಲೆಗಾರ ಸಿಕ್ಕಿಬಿದ್ದ. ಡಾಕ್ಟರಂತೆ. ಜನ ಚಪ್ಪಾಳೆ ಹೊಡೆದರು, ಹಿಂದಿನ ಸಾಲಿನವನು 'ನಾನು ಆಗಲೇ ಹೇಳಲಿಲ್ವಾ' ಎಂದು ಕೂಗಿದ. ನಾನೂ ಅದೇ ಮಾತನ್ನು ಎಷ್ಟೋ ವರ್ಷದಿಂದ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅಮ್ಮನ ಮುಖ ನೋಡಿದ ಮೇಲೆ ಆಡಲಾಗಲಿಲ್ಲ.

ದೀಪ ಹತ್ತಿತು, ಜನ ಎದ್ದು ಹೋದರು. ಅಮ್ಮ ಖಾಲಿ ಪರದೆ ನೋಡುತ್ತ ಕೂತೇ ಇದ್ದಳು.

"ನಿಮ್ಮಪ್ಪನಿಗೆ ಹೇಳು..." ಎಂದು ಅಭ್ಯಾಸದಂತೆ ನನ್ನ ಕಡೆ ತಿರುಗಿ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.